ರಮೇಶಚಂದ್ರ ದತ್ತ: 26 ವರ್ಷ ಸರ್ಕಾರದ ಸೇವೆ, ಆಮೇಲೆ ಅದೇ ಸರ್ಕಾರದ ಕಂದಾಯದ ಮೇಲೆ ಆಕ್ಷೇಪ. ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?

ಹಳೆಗಡತ (ಪ್ರಶ್ನೆ):

ರಮೇಶಚಂದ್ರ ದತ್ತರು ಭಾರತದ ಆರ್ಥಿಕ ಇತಿಹಾಸವನ್ನು ಕುರಿತು 1902 ಮತ್ತು 1904ರಲ್ಲಿ ಪ್ರಕಟಿಸಿದ ಎರಡು ಸಂಪುಟಗಳನ್ನು ಈಚೆಗೆ ಓದಿ ಮುಗಿಸಿದೆ. ಭೂಕಂದಾಯದ ಭಾರ, ನೇಕಾರಿಕೆಯ ನಾಶ, ಇಂಗ್ಲೆಂಡಿಗೆ ಹರಿದುಹೋಗುವ ಹಣ ಇತ್ಯಾದಿ ವಾದಗಳನ್ನು ಶಾಲೆಯ ಪಾಠಗಳಿಂದಲೇ ಕೇಳಿಕೊಂಡು ಬಂದಿರುವುದರಿಂದ ಅವು ನನಗೆ ಹೊಸವೆನಿಸಲಿಲ್ಲ. ಓದಿ ಮುಗಿಸಿದ ಮೇಲೂ ಬಿಡದೆ ಕಾಡುತ್ತಿರುವುದು ಅವುಗಳನ್ನು ಬರೆದವರ ಜೀವನ.

ದತ್ತರು 1871ರಲ್ಲಿ ಸಿವಿಲ್ ಸರ್ವಿಸ್ ಸೇರಿ 1897ರವರೆಗೆ, ಅಂದರೆ 26 ವರ್ಷ, ಬಂಗಾಳದ ಜಿಲ್ಲೆಗಳಲ್ಲಿ ಸರ್ಕಾರದ ಅಧಿಕಾರಿಯಾಗಿ ದುಡಿದರು. ನಿವೃತ್ತರಾಗಿ ಎರಡು ವರ್ಷ ಕಳೆಯುವಷ್ಟರಲ್ಲಿ, 1899ರ ಡಿಸೆಂಬರಿನಲ್ಲಿ, ಲಖನೌ ಕಾಂಗ್ರೆಸ್ಸಿನ ಅಧ್ಯಕ್ಷಪೀಠದಲ್ಲಿ ಕುಳಿತಿದ್ದರು. ಮರುವರ್ಷ ವೈಸ್‌ರಾಯ್ ಲಾರ್ಡ್ ಕರ್ಜನ್‌ಗೆ ಬಹಿರಂಗ ಪತ್ರಗಳನ್ನು ಬರೆದು, ಬರಗಾಲದಲ್ಲಿ ಜನ ಸಾಯುತ್ತಿರುವುದಕ್ಕೆ ಮಳೆಯ ಅಭಾವದಷ್ಟೇ ಸರ್ಕಾರದ ಕಂದಾಯವೂ ಹೊಣೆ ಎಂದರು. ಇಷ್ಟು ಖಚಿತವಾದ ನಿಲುವು ಪಿಂಚಣಿ ಕೈಗೆ ಬಂದ ದಿನ ಹುಟ್ಟಿದ್ದೇ, ಅಥವಾ ಕೆಲಸದಲ್ಲಿದ್ದಾಗಲೂ ಇತ್ತೇ? ಇದ್ದಿದ್ದರೆ ಅದನ್ನು ಒಳಗಿಟ್ಟುಕೊಂಡು ಅದೇ ಕಂದಾಯವನ್ನು ಅಷ್ಟು ವರ್ಷ ವಸೂಲಿ ಮಾಡಿಸಿದ್ದು ಹೇಗೆ?

ಇನ್ನೊಂದು ತೊಡಕೂ ಇದೆ. 1874ರಲ್ಲಿ ಬಂಗಾಳದ ರೈತರ ಬಗ್ಗೆ ಬರೆದ ಪುಸ್ತಕದಲ್ಲಿ ಜಮೀನ್ದಾರರ ಹಾವಳಿಯನ್ನು ಖಂಡಿಸಿದವರು, 1900ರ ಹೊತ್ತಿಗೆ ಆ ಜಮೀನ್ದಾರರನ್ನು ಸೃಷ್ಟಿಸಿದ ಶಾಶ್ವತ ಬಂದೋಬಸ್ತನ್ನೇ (ಜಮೀನ್ದಾರ ಕಟ್ಟುವ ಕಂದಾಯವನ್ನು ಖಾಯಂ ಮಾಡಿದ 1793ರ ವ್ಯವಸ್ಥೆಯನ್ನೇ) ಉಳಿದ ಪ್ರಾಂತ್ಯಗಳಿಗೆ ಮಾದರಿಯೆಂದು ಎತ್ತಿ ತೋರಿಸುತ್ತಾರೆ. ಇದು ವಿಚಾರದ ಬೆಳವಣಿಗೆಯೋ ಹಿನ್ನಡೆಯೋ ತಿಳಿಯದಾಗಿದೆ. ಈ ಕಾಲದ ಆಡಳಿತವನ್ನು ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ.

ದಫ್ತರಿ (ಉತ್ತರ):

ಪಿಂಚಣಿ ಬಂದ ಮೇಲೆ ಹುಟ್ಟಿದ ನಿಲುವು ಇದಲ್ಲವೆಂಬುದಕ್ಕೆ ತಾವೇ ಹೆಸರಿಸಿದ 1874ರ ಪುಸ್ತಕ ಸಾಕ್ಷಿ. ಅದರ ಲೇಖನಗಳು ಮೊದಲು ಒಂದು ಮಾಸಪತ್ರಿಕೆಯಲ್ಲಿ ಬಂದಾಗ ದತ್ತರು ಸೇವೆಗೆ ಸೇರಿ ಎರಡು ಮೂರು ವರ್ಷವಾಗಿತ್ತು, ವಯಸ್ಸು ಇಪ್ಪತ್ತೈದರ ಆಸುಪಾಸು. ಕೆಳಗೆ ಇದ್ದ ಅಂಕಿತ ‘ಆರ್ಸಿಡೇ’. ವಿದೇಶಿ ಹೆಸರಿನಂತೆ ಕಾಣುವ ಇದನ್ನು ಗಟ್ಟಿಯಾಗಿ ಓದಿದರೆ ಆರ್. ಸಿ. ಡಿ. ಎಂಬ ಮೂರು ಅಕ್ಷರಗಳೇ ಕೇಳಿಸುತ್ತವೆ. ಗುಟ್ಟು ಬಹುಶಃ ಅಷ್ಟೇನೂ ಭದ್ರವಾಗಿರಲಿಲ್ಲ, ಆದರೆ ಮೇಲಧಿಕಾರಿಗಳು ಬೇಕೆಂದರೆ ನೋಡಿಯೂ ನೋಡದಂತಿರಲು ಅನುವು ಮಾಡಿಕೊಡುವಷ್ಟು ಮರೆ ಅದರಲ್ಲಿತ್ತು.

ಆ ಬರಹಕ್ಕೆ ಹಿನ್ನೆಲೆಯಾಗಿದ್ದದ್ದು 1873ರ ಪಾಬ್ನಾ ಜಿಲ್ಲೆಯ ರೈತರ ಚಳವಳಿ. ಜಮೀನ್ದಾರರು ಗೇಣಿ ಏರಿಸಿದಾಗ, ಕಾನೂನಿಗೆ ಹೊರತಾದ ಪಟ್ಟಿಗಳನ್ನು ಹಾಕಿದಾಗ ಅಲ್ಲಿಯ ರೈತರು ಒಕ್ಕೂಟ ಕಟ್ಟಿಕೊಂಡು ವಂತಿಗೆ ಎತ್ತಿ ಮೊಕದ್ದಮೆ ಹೂಡಿದರು. ಕಲ್ಕತ್ತೆಯ ವಿದ್ಯಾವಂತರಲ್ಲಿ ಅನೇಕರು, ಅವರಲ್ಲಿ ಭೂಮಿಯುಳ್ಳವರೇ ಹೆಚ್ಚು, ಇದನ್ನು ಪುಂಡಾಟಿಕೆಯೆಂದು ಜರೆದರು. ಅಂಥ ಹೊತ್ತಿನಲ್ಲಿ ರಾಂಬಾಗಾನಿನ ದತ್ತ ಮನೆತನದ ಹುಡುಗನೊಬ್ಬ, ಅದೂ ಸರ್ಕಾರಿ ಅಧಿಕಾರಿ, ರೈತರ ಪರವಾಗಿ ಬರೆದದ್ದು ಸಣ್ಣ ಮಾತಲ್ಲ. ಕಂಪನಿಯು 1793ರಲ್ಲಿ ಜಮೀನ್ದಾರನ ಕಂದಾಯವನ್ನು ಖಾಯಂ ಮಾಡಿತು, ಆದರೆ ರೈತ ಜಮೀನ್ದಾರನಿಗೆ ಕೊಡುವ ಗೇಣಿಯನ್ನು ಖಾಯಂ ಮಾಡಲಿಲ್ಲ ಎಂಬುದು ಅವರ ದೂರಿನ ತಿರುಳು. ಈ ಮಾತನ್ನು ನೆನಪಿಡಿ, ತಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಸೇವೆಯ ವಿವರಗಳನ್ನು ನೋಡಿದರೂ ಅವರ ವಿಚಾರ ಎಲ್ಲಿ ಮೊಳೆಯಿತೆಂಬುದು ತಿಳಿಯುತ್ತದೆ. 1874ರಲ್ಲಿ ನಾದಿಯಾ ಜಿಲ್ಲೆಯ ಮೆಹೆರ್‌ಪುರದಲ್ಲಿ ಬರಪರಿಹಾರದ ಕೆಲಸ ಮಾಡಿದರು. 1876ರ ಅಕ್ಟೋಬರ್ 31ರ ರಾತ್ರಿ ಮೇಘನಾ ನದಿಯ ಮುಖದಲ್ಲಿ ಚಂಡಮಾರುತ ಎಬ್ಬಿಸಿದ ಸಮುದ್ರದ ಅಲೆ ದಕ್ಷಿಣ ಶಹಬಾಜ್‌ಪುರ ದ್ವೀಪವನ್ನು ತೊಳೆದುಕೊಂಡು ಹೋದ ಮೇಲೆ ಅಲ್ಲಿಗೆ ಕಳುಹಿಸಿದ್ದು ಇವರನ್ನೇ. ಮುಳುಗಿ ಸತ್ತವರ ಲೆಕ್ಕ ಮುಗಿಯುವ ಮೊದಲೇ ಕಾಲರಾ ಹಬ್ಬಿತ್ತು. ಹೀಗೆ ಮೂವತ್ತು ತುಂಬುವುದರೊಳಗೆ ಎರಡು ಬಗೆಯ ಸಾವನ್ನು ಹತ್ತಿರದಿಂದ ಕಂಡವರು ಅವರು. ಮೊದಲನೆಯದರಲ್ಲಿ ಊಟಕ್ಕೆ ಗತಿಯಿಲ್ಲದ ಜನರಿದ್ದರು, ಎರಡನೆಯದರಲ್ಲಿ ಮನೆಯೇ ಕೊಚ್ಚಿಹೋದ ಜನರಿದ್ದರು. ಗಾಳಿಮಳೆಯನ್ನು ಯಾವ ಸರ್ಕಾರವೂ ತಡೆಯಲಾರದು, ಆದರೆ ಅದು ಬಂದಾಗ ರೈತನ ಕಣಜದಲ್ಲಿ ಏನು ಉಳಿದಿತ್ತು ಎಂಬುದು ಸರ್ಕಾರಕ್ಕೆ ಸಂಬಂಧಿಸಿದ ವಿಷಯ ಎಂಬ ಅವರ ಮುಂದಿನ ವಾದವನ್ನು ಓದುವಾಗಲೆಲ್ಲ ನನಗೆ ಈ ಎರಡು ನಿಯೋಜನೆಗಳು ನೆನಪಾಗುತ್ತವೆ.

1883ರಲ್ಲಿ ಅವರು ಬಾಕರ್‌ಗಂಜ್ ಜಿಲ್ಲೆಯ ಆಡಳಿತ ವಹಿಸಿಕೊಂಡ ಸಂದರ್ಭ ಇನ್ನೂ ಕುತೂಹಲಕರ. ಅಂದಿನ ದಂಡಪ್ರಕ್ರಿಯಾ ಕಾಯಿದೆಯ ಪ್ರಕಾರ ಕಲ್ಕತ್ತೆ, ಮುಂಬಯಿ, ಮದರಾಸು ನಗರಗಳ ಹೊರಗೆ ಯೂರೋಪಿಯನ್ ಬ್ರಿಟಿಷ್ ಪ್ರಜೆಯೊಬ್ಬನ ಕ್ರಿಮಿನಲ್ ಮೊಕದ್ದಮೆಯನ್ನು ಭಾರತೀಯ ಮ್ಯಾಜಿಸ್ಟ್ರೇಟ್ ವಿಚಾರಿಸುವಂತಿರಲಿಲ್ಲ. ಅಂದರೆ ಒಬ್ಬ ಬಿಳಿಯ ವ್ಯಾಪಾರಿ ತನ್ನ ಆಳನ್ನು ಹೊಡೆದನೆಂಬ ದೂರು ಬಂದರೆ ಜಿಲ್ಲೆಯ ಮುಖ್ಯಸ್ಥ ದತ್ತರಿಗೆ ಅದನ್ನು ಕೇಳುವ ಅಧಿಕಾರವಿಲ್ಲ, ಅವರ ಕೈಕೆಳಗಿನ ಇಂಗ್ಲಿಷ್ ಮ್ಯಾಜಿಸ್ಟ್ರೇಟನಿಗೆ ಇದೆ. ಈ ವಿಚಿತ್ರವನ್ನು 1882ರಲ್ಲಿ ಸರ್ಕಾರದ ಗಮನಕ್ಕೆ ತಂದವರು ದತ್ತರ ಗೆಳೆಯ ಬಿಹಾರಿಲಾಲ್ ಗುಪ್ತ. ಕಲ್ಕತ್ತೆಯ ಪ್ರೆಸಿಡೆನ್ಸಿ ಮ್ಯಾಜಿಸ್ಟ್ರೇಟರಾಗಿ ಯೂರೋಪಿಯನ್ನರನ್ನು ವಿಚಾರಿಸುತ್ತಿದ್ದ ಅವರಿಗೆ ಬಡ್ತಿ ಸಿಕ್ಕಿ ಜಿಲ್ಲೆಗೆ ಹೋದ ಕೂಡಲೇ ಆ ಅಧಿಕಾರ ತಪ್ಪಿಹೋಗುತ್ತಿತ್ತು! ಅವರ ಟಿಪ್ಪಣಿಯಿಂದಲೇ, ಈ ನಿರ್ಬಂಧವನ್ನು ತೆಗೆಯಲು ಹೊರಟ ಇಲ್ಬರ್ಟ್ ಮಸೂದೆ ಹುಟ್ಟಿತು, ಅದರ ವಿರುದ್ಧ ಬಿಳಿಯರು ಊರೂರಿನಲ್ಲಿ ಸಭೆ ಸೇರಿ ಕೂಗೆಬ್ಬಿಸಿದರು. ಭಾರತೀಯನಿಗೆ ನ್ಯಾಯ ಹೇಳುವ ಯೋಗ್ಯತೆ ಇದೆಯೇ ಎಂದು ಪತ್ರಿಕೆಗಳು ಕೇಳುತ್ತಿದ್ದ ಅದೇ ವರ್ಷ ದತ್ತರು ಬಾಕರ್‌ಗಂಜ್‌ನಂಥ ಗಲಭೆಯ ಜಿಲ್ಲೆಯನ್ನು ಸದ್ದಿಲ್ಲದೆ ನಡೆಸುತ್ತಿದ್ದರು. ಆ ಮಟ್ಟಿಗೆ ಅವರು ಚೆನ್ನಾಗಿ ಕೆಲಸ ಮಾಡಿದ್ದೇ ಒಂದು ರಾಜಕೀಯ ಉತ್ತರವಾಗಿತ್ತೆಂದು ನನ್ನ ಅಭಿಪ್ರಾಯ. 1884ರಲ್ಲಿ ಮಸೂದೆ ಕಾಯಿದೆಯಾದಾಗ, ಆರೋಪಿ ಯೂರೋಪಿಯನ್ ಆಗಿದ್ದರೆ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಯೂರೋಪಿಯನ್ನರೋ ಅಮೆರಿಕನ್ನರೋ ಇರುವ ಜ್ಯೂರಿಯನ್ನು ಕೇಳಬಹುದೆಂಬ ರಾಜಿಯನ್ನು ಅದರಲ್ಲಿ ಸೇರಿಸಿದರು.

ರಾಜೀನಾಮೆ ಏಕೆ ಕೊಡಲಿಲ್ಲ ಎಂಬುದಕ್ಕೆ ಲೌಕಿಕ ಉತ್ತರವೂ ಇದೆ. ಸಿವಿಲ್ ಸರ್ವಿಸ್ಸಿನವರಿಗೆ 25 ವರ್ಷ ತುಂಬಿದರೆ, ಅದರಲ್ಲಿ 21 ವರ್ಷ ಕೆಲಸದ ಮೇಲಿದ್ದರೆ, ವರ್ಷಕ್ಕೆ 1000 ಪೌಂಡ್ ವರ್ಷಾಶನ ದೊರೆಯುತ್ತಿತ್ತು. 1871ಕ್ಕೆ 25 ಕೂಡಿಸಿ ನೋಡಿ. 1895ರಲ್ಲಿ ಒರಿಸ್ಸಾದ ಕಮಿಷನರ್ ಕುರ್ಚಿಯವರೆಗೆ, ಅಂದರೆ ಆ ಶತಮಾನದಲ್ಲಿ ಕಂದಾಯ ಆಡಳಿತದ ಸಾಲಿನಲ್ಲಿ ಬೇರೆ ಭಾರತೀಯರಾರೂ ಮುಟ್ಟದ ಎತ್ತರಕ್ಕೆ ಹೋದವರು, ವರ್ಷಾಶನ ಕೈಗೆಟುಕಿದ ಕೂಡಲೇ 49ನೆಯ ವಯಸ್ಸಿನಲ್ಲಿ ಹೊರಬಿದ್ದರು. ಇನ್ನೂ ಸುಮಾರು ಹತ್ತು ವರ್ಷ ಸೇವೆಯಲ್ಲಿ ಉಳಿಯಬಹುದಿತ್ತು. ಬಾಯಿ ಬಿಚ್ಚಿ ಮಾತನಾಡುವ ಸ್ವಾತಂತ್ರ್ಯವನ್ನು ಲೆಕ್ಕ ಹಾಕಿ ಕೊಂಡುಕೊಂಡವರಂತೆ ಅವರು ನನಗೆ ಕಾಣುತ್ತಾರೆ.

ನಿಷ್ಠುರವಾದಿ (ಉತ್ತರ):

ದಫ್ತರಿಯವರ ಬರಹದಲ್ಲಿ ವಿವರ ಸರಿಯಿದೆ, ಆದರೆ ತಕ್ಕಡಿ ಒಂದು ಕಡೆಗೆ ವಾಲಿದೆ. ಆ ವರ್ಷಾಶನದ ಮಾತನ್ನೇ ತೆಗೆದುಕೊಳ್ಳೋಣ. ಭಾರತದ ಕಂದಾಯದ ನಾಲ್ಕನೆಯ ಒಂದು ಪಾಲು ಪ್ರತಿವರ್ಷ ‘ಹೋಮ್ ಚಾರ್ಜಸ್’ ಎಂಬ ಹೆಸರಿನಲ್ಲಿ ಇಂಗ್ಲೆಂಡಿಗೆ ಹೋಗುತ್ತಿದೆ, ಯೂರೋಪಿಯನ್ ಅಧಿಕಾರಿಗಳು ತಮ್ಮ ಸಂಬಳದಿಂದ ಕಳುಹಿಸುವುದನ್ನೂ ಸೇರಿಸಿದರೆ ಈ ಸೋರಿಕೆ 2 ಕೋಟಿ ಪೌಂಡನ್ನು ಮೀರುತ್ತದೆ ಎಂದು 1902ರಲ್ಲಿ ಬರೆದವರು ದತ್ತರೇ. ರಾಜ ತೆಗೆದುಕೊಳ್ಳುವ ಕರ ಸೂರ್ಯ ಹೀರುವ ನೀರಿನಂತೆ, ಅದು ಮಳೆಯಾಗಿ ಅದೇ ನೆಲಕ್ಕೆ ಮರಳಬೇಕು ಎಂಬ ಕಾಳಿದಾಸನ ಮಾತನ್ನು ನೆನಪಿಸಿ, ಭಾರತದ ನೆಲದಿಂದ ಎದ್ದ ಆವಿ ಪರದೇಶದಲ್ಲಿ ಮಳೆಯಾಗುತ್ತಿದೆ ಎಂದು ಅವರು ದೂರಿದ ಭಾಗ ಬಹಳ ಸೊಗಸಾಗಿದೆ. ಆದರೆ ಇಂಗ್ಲೆಂಡಿನಲ್ಲಿ ಪಾವತಿಯಾಗುತ್ತಿದ್ದ ನಿವೃತ್ತ ಅಧಿಕಾರಿಗಳ ಪಿಂಚಣಿಗಳೂ ಆ ಹೋಮ್ ಚಾರ್ಜಸ್ಸಿನ ಒಂದು ಬಾಬತ್ತು. ಲಂಡನ್ನಿನಲ್ಲಿ ನೆಲೆಸಿ, ಯೂನಿವರ್ಸಿಟಿ ಕಾಲೇಜಿನಲ್ಲಿ ಭಾರತದ ಇತಿಹಾಸದ ಉಪನ್ಯಾಸಕರಾಗಿದ್ದುಕೊಂಡು ದತ್ತರು ಈ ಸಾಲುಗಳನ್ನು ಬರೆಯುವಾಗ ಆ ಪರದೇಶದ ಮಳೆಯಲ್ಲಿ ನಾಲ್ಕು ಹನಿ ಅವರ ಅಂಗಳದಲ್ಲೂ ಬೀಳುತ್ತಿತ್ತು. ಇದನ್ನು ಕುಹಕಕ್ಕಾಗಿ ಹೇಳುತ್ತಿಲ್ಲ. ಅವರ ವಿಮರ್ಶೆ ಎಲ್ಲಿಂದ ಹೊರಟು ಎಲ್ಲಿಗೆ ನಿಂತಿತೆಂಬುದು ಇದರಿಂದ ತಿಳಿಯುತ್ತದೆ.

ಅವರು ಬ್ರಿಟಿಷರು ಹೋಗಲಿ ಎಂದು ಒಮ್ಮೆಯೂ ಬರೆಯಲಿಲ್ಲ. ಕಂದಾಯಕ್ಕೆ ಮಿತಿ ಇರಲಿ, ರೈಲ್ವೆಗಿಂತ ನೀರಾವರಿಗೆ ಹೆಚ್ಚು ಹಣ ಹೋಗಲಿ, ಕಾರ್ಯಕಾರಿ ಮಂಡಳಿಗಳಲ್ಲಿ ಭಾರತೀಯರಿರಲಿ, ಜಿಲ್ಲಾಧಿಕಾರಿಯ ಕೈಯಿಂದ ನ್ಯಾಯ ಹೇಳುವ ಅಧಿಕಾರವನ್ನು ಬೇರ್ಪಡಿಸಲಿ ಎಂದಷ್ಟೇ ಕೇಳಿದರು. ಅದೇ ಮನೆಯಲ್ಲಿ ಗೋಡೆ ಒಡೆದು ಇನ್ನೊಂದು ಕಿಟಕಿ ಇಡಿಸುವ ಮನುಷ್ಯನ ಬೇಡಿಕೆಗಳು ಇವು.

1868ರ ಮಾರ್ಚ್ 3ರಂದು ಸಿವಿಲ್ ಸರ್ವಿಸ್ ಪರೀಕ್ಷೆಗಾಗಿ ಕಲ್ಕತ್ತೆಯಿಂದ ಇಂಗ್ಲೆಂಡಿನ ಹಡಗು ಹತ್ತಿದವರು ಮೂವರು: ದತ್ತ, ಬಿಹಾರಿಲಾಲ್ ಗುಪ್ತ, ಸುರೇಂದ್ರನಾಥ ಬ್ಯಾನರ್ಜಿ. ದತ್ತರು ಮನೆಯವರಿಗೆ ಹೇಳದೆ ಹೊರಟವರು. 1869ರಲ್ಲಿ ಮೂವರೂ ಪರೀಕ್ಷೆ ಗೆದ್ದರು, ದತ್ತರದು ಮೂರನೆಯ ಸ್ಥಾನ. ಸುರೇಂದ್ರನಾಥರನ್ನು ವಯಸ್ಸಿನ ಕಾರಣ ಹೇಳಿ ಪಟ್ಟಿಯಿಂದ ತೆಗೆದುಹಾಕಿದರು. ನಮ್ಮಲ್ಲಿ ‘ಹದಿನಾರು’ ಎಂದರೆ ಹದಿನಾರು ನಡೆಯುತ್ತಿದೆ ಎಂದು ಅರ್ಥ, ತುಂಬಿದೆ ಎಂದಲ್ಲ. ಶಾಲೆಯ ದಾಖಲೆಯಲ್ಲಿದ್ದ ಈ ಲೆಕ್ಕ ಲಂಡನ್ನಿನ ಆಯುಕ್ತರಿಗೆ ಅರ್ಥವಾಗಲಿಲ್ಲ. ಸುರೇಂದ್ರನಾಥರು ಅಲ್ಲಿಯ ನ್ಯಾಯಾಲಯದ ಮೊರೆಹೊಕ್ಕು ಸ್ಥಾನ ಮರಳಿ ಪಡೆದರು. 1874ರಲ್ಲಿ ಸಿಲ್ಹೆಟ್‌ನ ಒಂದು ಸಣ್ಣ ಮೊಕದ್ದಮೆಯ ಕಡತದಲ್ಲಿ ಆದ ತಪ್ಪಿಗೆ ಸರ್ಕಾರ ಅವರನ್ನು ಸೇವೆಯಿಂದಲೇ ವಜಾ ಮಾಡಿತು. ಅದೇ ಬಗೆಯ ತಪ್ಪಿಗೆ ಇಂಗ್ಲಿಷ್ ಅಧಿಕಾರಿಗೆ ಒಂದು ಎಚ್ಚರಿಕೆಯ ಪತ್ರ ಸಿಗುತ್ತಿತ್ತೇನೋ. ಅಲ್ಲಿಂದ ಮುಂದೆ ಊರೂರು ಸುತ್ತಿ ಭಾಷಣ ಮಾಡಿದವರು, ಜೈಲಿಗೆ ಹೋದವರು ಸುರೇಂದ್ರನಾಥರು. ದತ್ತರು ಅದೇ ಅವಧಿಯಲ್ಲಿ ಕಾದಂಬರಿ ಬರೆಯುತ್ತ, ಋಗ್ವೇದವನ್ನು ಬಂಗಾಳಿಗೆ ಅನುವಾದಿಸುತ್ತ, ಬಡ್ತಿ ಪಡೆಯುತ್ತ ಹೋದರು. ಗೆಳೆಯನಿಗಾದ ಗತಿಯನ್ನು ಕಣ್ಣಾರೆ ಕಂಡವರು ಎಚ್ಚರದಿಂದ ನಡೆದುಕೊಂಡರೆ ತಪ್ಪೆನ್ನಲಾರೆ. ಆದರೆ ಎಚ್ಚರವನ್ನು ತಂತ್ರವೆಂದೂ ತಂತ್ರವನ್ನು ಧೈರ್ಯವೆಂದೂ ನಾವು ಕರೆಯಬೇಕಾಗಿಲ್ಲ.

ಶಾಶ್ವತ ಬಂದೋಬಸ್ತಿನ ವಿಷಯದಲ್ಲಂತೂ ನನಗೆ ಸಂಶಯವೇ ಇಲ್ಲ. ಸರ್ಕಾರ ರೈತನಿಂದ ಏನು ಕಿತ್ತುಕೊಳ್ಳುತ್ತದೆ ಎಂಬುದನ್ನು ಅವರು ಪೈಸೆ ಪೈಸೆ ಲೆಕ್ಕ ಹಾಕುತ್ತಾರೆ. ಜಮೀನ್ದಾರ ಕಿತ್ತುಕೊಳ್ಳುವುದರ ಹತ್ತಿರ ಬಂದಾಗ ಅವರ ಲೇಖನಿ ಮೆತ್ತಗಾಗುತ್ತದೆ.

ಬಳ್ಳಾರಿಸೀಮೆ (ಉತ್ತರ):

ಇಬ್ಬರ ಮಾತನ್ನೂ ಓದಿದೆ. ಇಬ್ಬರೂ ಬಂಗಾಳದಲ್ಲೇ ಸುತ್ತಿದ್ದಾರೆ. ದತ್ತರು ಕರ್ಜನ್‌ಗೆ ಬರೆದ ಪತ್ರಗಳಲ್ಲಿ ನಿಜವಾದ ಕಾವು ಇರುವುದು ಮದರಾಸು, ಮುಂಬಯಿ ಪ್ರಾಂತ್ಯಗಳ ರೈತವಾರಿ ಪದ್ಧತಿಯ (ಜಮೀನ್ದಾರನಿಲ್ಲದೆ ರೈತನೇ ಸರ್ಕಾರಕ್ಕೆ ನೇರವಾಗಿ ಕಂದಾಯ ಕಟ್ಟುವ ಪದ್ಧತಿಯ) ವಿಚಾರದಲ್ಲಿ, ಅಂದರೆ ನಮ್ಮ ಬಳ್ಳಾರಿ, ಧಾರವಾಡ, ಬೆಳಗಾವಿಗಳ ವಿಚಾರದಲ್ಲಿ. ಶಾಶ್ವತ ಬಂದೋಬಸ್ತನ್ನು ಅವರು ಏಕೆ ಹೊಗಳಿದರೆಂಬುದು ಇಲ್ಲಿಂದ ನೋಡಿದರೆ ಬೇರೆ ರೀತಿ ಕಾಣುತ್ತದೆ.

ನಿಜಾಮ 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟ ಬಳ್ಳಾರಿ, ಕಡಪ ಮುಂತಾದ ಸೀಮೆಗೆ ನಮ್ಮ ಕಡೆ ದತ್ತ ಮಂಡಲ ಎನ್ನುತ್ತಾರೆ. (ದತ್ತರ ಹೆಸರಿಗೂ ಇದಕ್ಕೂ ಸಂಬಂಧವಿಲ್ಲ, ಆದರೆ ಅವರ ಪುಸ್ತಕದಲ್ಲಿ ಈ ಸೀಮೆಯ ಪ್ರಸ್ತಾಪ ಬಂದಾಗಲೆಲ್ಲ ನನಗೆ ನಗು ಬರುತ್ತದೆ.) ಅಲ್ಲಿಗೆ 1800ರಿಂದ 1807ರವರೆಗೆ ಮುಖ್ಯ ಕಲೆಕ್ಟರ್ ಆಗಿದ್ದವರು ತಾಮಸ್ ಮನ್ರೋ. ಹೊಲಗಳನ್ನೆಲ್ಲ ಅಳೆಸಿ, ಮಣ್ಣಿನ ತರಗತಿ ಗೊತ್ತು ಮಾಡಿಸಿ ಒಬ್ಬೊಬ್ಬ ರೈತನ ಮೇಲೂ ನೇರವಾಗಿ ಕಂದಾಯ ನಿಗದಿಪಡಿಸಿದ ಮನ್ರೋ, ಹೊರಡುವ ಮುನ್ನ ತಾನೇ ಗೊತ್ತುಪಡಿಸಿದ ಕಂದಾಯ ಹೆಚ್ಚಾಯಿತೆಂದು ಒಪ್ಪಿಕೊಂಡರು. ಅದು ಬೆಳೆಯ ಶೇ. 45ರಷ್ಟಾಗುತ್ತದೆ, ಶೇ. 25 ಇಳಿಸಬೇಕು, ಬಾವಿಯ ನೀರಿನ ತೋಟಗಳಿಗೆ ಇನ್ನೂ ಹೆಚ್ಚು ಇಳಿಸಬೇಕು, ಹಾಗೆ ಇಳಿಸಿದ್ದನ್ನು ಮುಂದೆ ಏರಿಸಕೂಡದು ಎಂದು ಶಿಫಾರಸು ಮಾಡಿದರು. ಸರ್ಕಾರ ಆಗ ಒಪ್ಪಲಿಲ್ಲ. ಅವರು 1820ರಲ್ಲಿ ಮದರಾಸಿನ ಗವರ್ನರ್ ಆಗಿ ಬಂದ ಮೇಲೆ ಇಳಿಕೆಯೇನೋ ಬಂತು, ಏರಿಸಕೂಡದೆಂಬ ಮಾತು ಕಾಲಕ್ರಮದಲ್ಲಿ ಬಿದ್ದುಹೋಯಿತು. 30 ವರ್ಷಕ್ಕೊಮ್ಮೆ ಪರಿಷ್ಕರಣೆ ಎಂಬ ಪದ್ಧತಿ ಬಂದು, ರೈತ ತನ್ನ ಬೆವರು ಸುರಿಸಿ ಹೊಲ ಹಸನು ಮಾಡಿಕೊಂಡರೆ ಮುಂದಿನ ಸರ್ವೆಯಲ್ಲಿ ತೆರಿಗೆ ಏರುತ್ತದೆಂಬ ಅಂಜಿಕೆ ಊರೂರಿಗೂ ಹಬ್ಬಿತು.

ದತ್ತರು ಮನ್ರೋ ಅವರನ್ನು ಮತ್ತೆ ಮತ್ತೆ ಸಾಕ್ಷಿಗೆ ಕರೆಯುತ್ತಾರೆ. ಅವರಿಗೆ ‘ಶಾಶ್ವತ’ ಎಂಬ ಮಾತು ಬೇಕಾಗಿತ್ತು, ಜಮೀನ್ದಾರ ಬೇಕಾಗಿರಲಿಲ್ಲ. ಬಂಗಾಳದಲ್ಲಿ ಖಾಯಂ ಕಂದಾಯದ ಲಾಭ ಜಮೀನ್ದಾರನಿಗೆ ಹೋದದ್ದು ನಿಜ, ಆದರೆ 1859ರ ಗೇಣಿ ಕಾಯಿದೆ ಮತ್ತು 1885ರ ಬಂಗಾಳ ಗೇಣಿ ಕಾಯಿದೆಗಳಿಂದ ಅದರಲ್ಲೊಂದು ಪಾಲು ರೈತನಿಗೂ ಇಳಿಯಿತು ಎಂಬುದು ಅವರ ಎಣಿಕೆ. 1874ರಲ್ಲಿ ಅವರು ದೂರಿದ ಕೊರತೆಯನ್ನು ತುಂಬಲು ಬಂದದ್ದೇ 1885ರ ಕಾಯಿದೆ. ನಿಷ್ಠುರವಾದಿಗಳು ಹೇಳಿದಂತೆ ಆ ಎಣಿಕೆ ವಾಸ್ತವಕ್ಕಿಂತ ಸಿಹಿಯಾಗಿತ್ತು, ಗೇಣಿಯ ಮೇಲೆ ಗೇಣಿ ಪಡೆಯುವ ಮಧ್ಯವರ್ತಿಗಳ ಸಾಲನ್ನು ಅವರು ಹಗುರಾಗಿ ತೆಗೆದುಕೊಂಡರು. ಆದರೂ ವಿಚಾರ ತಿರುಗಿಬಿತ್ತೆಂದು ನನಗನಿಸುವುದಿಲ್ಲ. ಮೊದಲು ಜಮೀನ್ದಾರನ ಕೈ ಕಟ್ಟಿರೆಂದರು, ಆಮೇಲೆ ಜಮೀನ್ದಾರನ ಜಾಗದಲ್ಲಿ ಸರ್ಕಾರವೇ ಕುಳಿತ ಕಡೆ ಸರ್ಕಾರದ ಕೈ ಕಟ್ಟಿರೆಂದರು.

1900ರ ಡಿಸೆಂಬರಿನಲ್ಲಿ ದತ್ತರೂ ಕೆಲವು ನಿವೃತ್ತ ಇಂಗ್ಲಿಷ್ ಅಧಿಕಾರಿಗಳೂ ಸೇರಿ ಲಂಡನ್ನಿನಲ್ಲಿದ್ದ ಭಾರತ ಸಚಿವರಿಗೆ ಮನವಿ ಸಲ್ಲಿಸಿದರು. ಸಹಿ ಹಾಕಿದವರಲ್ಲಿ ಕಲ್ಕತ್ತೆಯ ಮುಖ್ಯ ನ್ಯಾಯಾಧೀಶರಾಗಿದ್ದ ರಿಚರ್ಡ್ ಗಾರ್ತ್, ಮುಂಬಯಿ ಸರ್ಕಾರದ ಸೇವೆಯಲ್ಲಿದ್ದ ವಿಲಿಯಂ ವೆಡ್ಡರ್‌ಬರ್ನ್, ಮದರಾಸಿನಲ್ಲಿ ಕಂದಾಯ ಗೊತ್ತುಪಡಿಸುವ ಇಲಾಖೆಯನ್ನೇ ನಡೆಸಿದ್ದ ಪಕಲ್ ಕೂಡ ಇದ್ದರು. ಖರ್ಚು ಕಳೆದು ಉಳಿದ ನಿವ್ವಳದಲ್ಲಿ ಅರ್ಧಕ್ಕಿಂತ ಹೆಚ್ಚು ತೆಗೆದುಕೊಳ್ಳಬೇಡಿ, ರೈತನೇ ನೇರವಾಗಿ ಕಂದಾಯ ಕಟ್ಟುವ ಕಡೆ ಅದು ಒಟ್ಟು ಬೆಳೆಯ ಐದನೆಯ ಒಂದು ಪಾಲನ್ನೂ ಮೀರಬಾರದು ಎಂದು ಅವರು ಕೇಳಿದರು. ಎರಡು ಮಿತಿಗಳೇಕೆಂದು ಮೊದಲು ನನಗೂ ಅರ್ಥವಾಗಿರಲಿಲ್ಲ. ಒಂದು ಹೊಲದ ಲೆಕ್ಕ ಹಾಕಿ ನೋಡಿದರೆ ತಿಳಿಯುತ್ತದೆ. ಬೆಳೆಯ ಬೆಲೆ 100 ರೂಪಾಯಿ ಎಂದಿಟ್ಟುಕೊಳ್ಳಿ. ಬೀಜ, ಎತ್ತು, ಕೂಲಿ ಸೇರಿ ಖರ್ಚು 50 ಎಂದು ಅಧಿಕಾರಿ ಬರೆದುಕೊಂಡರೆ ನಿವ್ವಳ 50, ಅದರಲ್ಲಿ ಅರ್ಧ, ಅಂದರೆ 25, ಕಂದಾಯ. ಆದರೆ ಎತ್ತು ಸತ್ತ ವರ್ಷ, ಎರಡು ಸಲ ಬಿತ್ತಿದ ವರ್ಷ, ಮನೆಮಂದಿಯ ದುಡಿಮೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯದ ವರ್ಷ ನಿಜವಾದ ಖರ್ಚು 65 ಆಗಿದ್ದರೆ ರೈತನಿಗೆ ಉಳಿದದ್ದು 35, ಅದರಲ್ಲಿ ಸರ್ಕಾರಕ್ಕೆ ಹೋದದ್ದು 25. ಕಾಗದದ ಮೇಲಿನ ಅರ್ಧ ಹೊಲದಲ್ಲಿ ಹತ್ತರಲ್ಲಿ ಏಳು ಪಾಲಾಗುತ್ತದೆ. ಖರ್ಚನ್ನು ಕಡಿಮೆ ಬರೆಯುವುದು ಅಧಿಕಾರಿಯ ಕೈಯಲ್ಲಿದೆ, ಒಟ್ಟು ಬೆಳೆಯನ್ನು ಬಚ್ಚಿಡುವುದು ಅಷ್ಟು ಸುಲಭವಲ್ಲ. ಆದ್ದರಿಂದ ಐದನೆಯ ಒಂದು ಪಾಲು, ಅಂದರೆ 20 ರೂಪಾಯಿ, ಎಂಬ ಎರಡನೆಯ ಬೇಲಿ. ಕಂದಾಯದ ಕಡತಗಳಲ್ಲಿ ಖರ್ಚಿನ ಅಂಕಣ ಹೇಗೆ ತುಂಬುತ್ತದೆಂಬುದನ್ನು ಒಳಗಿನಿಂದ ನೋಡಿದವರಿಗೆ ಮಾತ್ರ ಹೊಳೆಯುವ ಉಪಾಯ ಇದು. ಹೊರಗಿನ ಭಾಷಣಕಾರರಿಗೆ ಇದು ತೋಚುತ್ತಿರಲಿಲ್ಲ. ಅವರ 26 ವರ್ಷಗಳ ಸೇವೆ ವ್ಯರ್ಥವಾಗಲಿಲ್ಲವೆಂದು ನಾನು ಹೇಳುವುದು ಈ ಅರ್ಥದಲ್ಲಿ.

ಕರ್ಜನ್ 1902ರ ಜನವರಿ 16ರಂದು ಹೊರಡಿಸಿದ ಭೂಕಂದಾಯದ ನಿರ್ಣಯದಲ್ಲಿ ಮನವಿಯನ್ನು ಬಹುಮಟ್ಟಿಗೆ ತಳ್ಳಿಹಾಕಿದರು. ಬರಕ್ಕೆ ಕಾರಣ ಮಳೆಯ ಅಭಾವ, ಕಂದಾಯವಲ್ಲ ಎಂದರು. ಐದನೆಯ ಒಂದು ಪಾಲನ್ನು ಎಲ್ಲೆಡೆ ಜಾರಿ ಮಾಡಿದರೆ ಅನೇಕ ಕಡೆ ಈಗಿರುವ ಕಂದಾಯ ಏರಿಬಿಡುತ್ತದೆ ಎಂಬುದು ಅವರ ಜಾಣ ಉತ್ತರ. ನಾವು ಹೇಳಿದ್ದು ಮೀರಬಾರದ ಗೆರೆ, ಮುಟ್ಟಲೇಬೇಕಾದ ಗುರಿಯಲ್ಲ ಎಂದು ದತ್ತರು ತಿರುಗಿ ಬರೆದರು. ನನ್ನ ಮಟ್ಟಿಗೆ ಈ ವಿನಿಮಯದಲ್ಲಿ ದತ್ತರದೇ ಮೇಲುಗೈ, ಆದರೂ ಒಂದು ವಿಷಯದಲ್ಲಿ ಕರ್ಜನ್ ಪೂರ್ತಿ ತಪ್ಪಲ್ಲ: ಧಾನ್ಯದ ಬೆಲೆ ಏರುತ್ತಿದ್ದ ಆ ದಶಕಗಳಲ್ಲಿ ನಗದು ಕಂದಾಯದ ನಿಜವಾದ ಭಾರ ಹಲವು ಕಡೆ ನಿಧಾನವಾಗಿ ಇಳಿಯುತ್ತಿತ್ತು, ದತ್ತರು ಅದಕ್ಕೆ ತಕ್ಕ ತೂಕ ಕೊಡಲಿಲ್ಲ. ಹೀಗಿದ್ದರೂ 1876ರಿಂದ 78ರವರೆಗಿನ ಧಾತು–ಈಶ್ವರ ಸಂವತ್ಸರಗಳ ಬರದಲ್ಲಿ ಬಳ್ಳಾರಿಯ ಹಳ್ಳಿಗಳು ಬರಿದಾದದ್ದನ್ನು ಹಿರಿಯರ ಬಾಯಿಂದ ಕೇಳಿಕೊಂಡು ಬಂದ ಮನೆಗಳಲ್ಲಿ, ಒಂದು ಬೆಳೆ ಹೋದರೆ ತಾಳಿಕೊಳ್ಳುವಷ್ಟು ಕಾಳು ಮನೆಯಲ್ಲೇಕೆ ಇರಲಿಲ್ಲ ಎಂಬ ದತ್ತರ ಪ್ರಶ್ನೆಗೆ ಮಳೆಯ ಅಂಕಿಅಂಶಗಳಿಂದ ಉತ್ತರ ಸಿಕ್ಕುವುದಿಲ್ಲ.

ಹಳೆಗಡತ:

ಮೂವರಿಗೂ ಕೃತಜ್ಞತೆಗಳು. ಎರಡು ಮಿತಿಗಳ ಲೆಕ್ಕ ನಾನು ಓದುವಾಗ ಕಣ್ಣು ತಪ್ಪಿಹೋಗಿತ್ತು, ಪುಸ್ತಕವನ್ನು ಮತ್ತೆ ತೆರೆದು ಆ ಭಾಗವನ್ನು ನೋಡಿಕೊಂಡೆ. ಶಾಶ್ವತ ಬಂದೋಬಸ್ತಿನ ವಿಷಯದಲ್ಲಿ ಬಳ್ಳಾರಿಸೀಮೆಯವರ ವಿವರಣೆ ನನಗೆ ಹೆಚ್ಚು ಒಪ್ಪಿಗೆಯಾಯಿತು, ಆದರೆ ನಿಷ್ಠುರವಾದಿಗಳ ಪಿಂಚಣಿಯ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಉಳಿದಿರುವುದು ಒಂದೇ ಅನುಮಾನ. ಬರೋಡಾ ಸಂಸ್ಥಾನದಲ್ಲಿ ಅವರಿಗೆ ಕೊನೆಗೂ ಅಧಿಕಾರ ಸಿಕ್ಕಿತಲ್ಲ, ಅಲ್ಲಿ ತಮ್ಮ ಮಾತನ್ನು ತಾವು ನಡೆಸಿದರೇ?

ದಫ್ತರಿ:

ಭಾಗಶಃ ನಡೆಸಿದರು ಎನ್ನಬೇಕು. ಸಯಾಜಿರಾವ್ ಗಾಯಕವಾಡರು 1904ರಲ್ಲಿ ಅವರನ್ನು ಕಂದಾಯ ಸಚಿವರಾಗಿ ಕರೆಸಿಕೊಂಡರು. 1899–1900ರ ಬರದಿಂದ ಗುಜರಾತಿನ ಆ ಸೀಮೆ ಇನ್ನೂ ಚೇತರಿಸಿಕೊಂಡಿರಲಿಲ್ಲ. ಕಸಬಿಗೊಂದರಂತೆ ಇದ್ದ ಹಲವು ಸಣ್ಣಪುಟ್ಟ ತೆರಿಗೆಗಳನ್ನು ತೆಗೆದು ಅವುಗಳ ಜಾಗದಲ್ಲಿ ಆದಾಯ ತೆರಿಗೆಯನ್ನು ನಿಲ್ಲಿಸಿದ್ದರಲ್ಲಿ, ಕಂದಾಯದ ಅಧಿಕಾರಿಯ ಕೈಯಿಂದ ನ್ಯಾಯದಾನವನ್ನು ಬೇರ್ಪಡಿಸುವ ಯತ್ನದಲ್ಲಿ ಅವರ ಹಳೆಯ ಬರಹಗಳ ಗುರುತು ಕಾಣುತ್ತದೆ. ಕರ್ಜನ್‌ನಿಂದ ಅವರು ಕೇಳಿದ್ದ ಶಾಶ್ವತ ಕಂದಾಯ ಮಾತ್ರ ಬರೋಡಾದಲ್ಲೂ ಬರಲಿಲ್ಲ, ಅವಧಿಗೊಮ್ಮೆ ಪರಿಷ್ಕರಿಸುವ ಪದ್ಧತಿಯೇ ಮುಂದುವರಿಯಿತು. ಸಂಸ್ಥಾನದ ಬೊಕ್ಕಸದ ಬೀಗದ ಕೈ ಸೊಂಟಕ್ಕೆ ಬಂದ ಮೇಲೆ, ಮುಂದಿನ ಎಲ್ಲ ಕಾಲಕ್ಕೂ ಕಂದಾಯವನ್ನು ಕಟ್ಟಿಹಾಕುವುದು ಎಷ್ಟು ಕಷ್ಟವೆಂದು ಅವರಿಗೂ ತಿಳಿದಿರಬೇಕು.

ನಿಷ್ಠುರವಾದಿ:

ಅದನ್ನು ಅವರು ಎಲ್ಲಾದರೂ ಬರೆದು ಒಪ್ಪಿಕೊಂಡಿದ್ದರೆ ನನ್ನ ಗೌರವ ಇನ್ನೂ ಹೆಚ್ಚುತ್ತಿತ್ತು. ಮನ್ರೋ ತಾನು ಹಾಕಿದ ಕಂದಾಯ ಹೆಚ್ಚಾಯಿತೆಂದು ಬರೆದುಕೊಟ್ಟು ಹೋದವರಲ್ಲವೇ.

ದಫ್ತರಿ:

ಬರೆಯಲು ಬಿಡುವು ಸಿಗಲಿಲ್ಲ ಎಂಬುದಷ್ಟೇ ನನ್ನ ಸಮಜಾಯಿಷಿ. 1907ರಲ್ಲಿ ಬರೋಡಾ ಬಿಟ್ಟು ವಿಕೇಂದ್ರೀಕರಣದ ರಾಯಲ್ ಕಮಿಷನ್ನಿನ ಸದಸ್ಯರಾದರು, ಮತ್ತೆ ಸರ್ಕಾರದ ಕಡತಗಳು, ಮತ್ತೆ ಊರೂರಿನ ಸಾಕ್ಷಿಗಳು. 1909ರ ಜೂನ್‌ನಲ್ಲಿ ದಿವಾನರಾಗಿ ಬರೋಡಾಕ್ಕೆ ಮರಳಿದರು. ಅದೇ ನವೆಂಬರ್ 30ರಂದು, ದಿವಾನಗಿರಿಗೆ ಆರು ತಿಂಗಳು ತುಂಬುವ ಹೊತ್ತಿಗೆ, ಅಲ್ಲೇ ತೀರಿಕೊಂಡರು.